ಬೇಸಿಗೆಯ ಮುರುಗಲು, ಮಳೆಗಾಲದ ಉಪ್ಪಾಗೆ

ಮುರುಗಲು ಮತ್ತು ಉಪ್ಪಾಗೆ ಪಶ್ಚಿಮಘಟ್ಟದ ನಿತ್ಯಹಸಿರು ಕಾಡಿನ ಎರಡು ಹುಳಿಹಣ್ಣುಗಳು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಎರಡೂ ಗಾರ್ಸೀನಿಯಾ ಕುಲಕ್ಕೆ ಸೇರಿದವು. ಮುರುಗಲು ಗಾರ್ಸೀನಿಯಾ ಇಂಡಿಕಾ, ಉಪ್ಪಾಗೆ ಗಾರ್ಸೀನಿಯಾ ಗಮ್ಮಿ-ಗುಟ್ಟಾ. ತುಳುವರು ಮುರುಗಲನ್ನು ಪುನರ್ಪುಳಿ ಎನ್ನುತ್ತಾರೆ. ಕೊಂಕಣಿ ಮನೆಗಳಲ್ಲಿ ಅದು ಬಿರಿಂಡ, ಪೇಟೆಯ ಬಾಟಲಿಯ ಮೇಲೆ ಕೋಕಂ. ಉಪ್ಪಾಗೆಯನ್ನು ಕೇರಳದವರು ಕೊಡಂಪುಳಿ ಎಂದೂ ಸಿಂಹಳದವರು ಗೊರಕ ಎಂದೂ ಕರೆಯುತ್ತಾರೆ. ದಾಯಾದಿಗಳಾದರೂ ಇವೆರಡು ಅಡುಗೆಮನೆಯಲ್ಲಿ ಒಂದೇ ಕೆಲಸ ಮಾಡುವುದಿಲ್ಲ. ಒಂದು ಹಣ್ಣಾಗುವುದು ಸುಡು ಬಿಸಿಲಿನಲ್ಲಿ, ಇನ್ನೊಂದು ಹಣ್ಣಾಗುವುದು ಜಡಿಮಳೆಯಲ್ಲಿ. ಅವುಗಳನ್ನು ಒಣಗಿಸುವ, ಕಾಪಿಡುವ, ಉಣ್ಣುವ ಕ್ರಮಗಳೆಲ್ಲ ಬೇರೆಯಾಗಿರುವುದಕ್ಕೆ ಮುಖ್ಯ ಕಾರಣ ಈ ಋತುಭೇದ.

ಇವೆರಡರ ಬಳಕೆಯನ್ನು ಒಟ್ಟಿಗೆ ನೋಡಲು ಬೈಂದೂರು ತಾಲ್ಲೂಕಿನ ನಾವುಂದದ ಸುತ್ತಿನ ಸೀಮೆ ಹೇಳಿಮಾಡಿಸಿದಂತಿದೆ. ನಾವುಂದದ ಪಡುವಣಕ್ಕೆ ಅರಬ್ಬಿ ಸಮುದ್ರ, ತೆಂಕಣಕ್ಕೆ ಮರವಂತೆ. ಕೊಡಚಾದ್ರಿಯ ತಪ್ಪಲಿನಿಂದ ಇಳಿದು ಕೊಲ್ಲೂರನ್ನು ಹಾದು ಬರುವ ಸೌಪರ್ಣಿಕಾ ಈ ಬಯಲಿನ ಬೆನ್ನಿಗೇ ಹರಿದು, ಮರವಂತೆಯಲ್ಲಿ ಕಡಲಿನ ಪಕ್ಕದವರೆಗೂ ಬಂದು, ತಿರುಗಿ ಗಂಗೊಳ್ಳಿಯ ಅಳಿವೆಯತ್ತ ಸಾಗುತ್ತದೆ. ಕೊಡಚಾದ್ರಿಯ ಎತ್ತರ 1,343 ಮೀಟರ್. ಮೀನಿನ ದಕ್ಕೆಯಿಂದ ಮೂಡಣಕ್ಕೆ ಹೊರಟವರು ಅರ್ಧ ದಿನ ಕಳೆಯುವುದರೊಳಗೆ ದಟ್ಟ ಕಾಡು ಮುಟ್ಟಬಹುದು. ಹಾಗಾಗಿ ಇಲ್ಲಿನ ಊಟದಲ್ಲಿ ಕಡಲಿನ ಮೀನು, ಬಯಲಿನ ಕುಚ್ಚಲಕ್ಕಿ, ಘಟ್ಟದ ಹುಳಿ ಒಂದೇ ಬಟ್ಟಲಿಗೆ ಬರುತ್ತವೆ.

ಹುಣಸೆ ಇರುವಾಗ ಕಾಡಿನ ಹುಳಿ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಮಳೆಯಲ್ಲಿದೆ. ಹುಣಸೆ ಒಣಹವೆಯ ಮರ. ಬಯಲುಸೀಮೆಯಲ್ಲಿ ಅದು ಹೊರೆಗಟ್ಟಲೆ ಕಾಯಿ ಬಿಡುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಕರಾವಳಿಯಲ್ಲಿ, ಏಳು ಸಾವಿರ ದಾಟುವ ಆಗುಂಬೆಯಂಥ ಘಟ್ಟದ ನೆತ್ತಿಯಲ್ಲಿ, ಅದಕ್ಕೆ ಆ ಸೊಗಸು ಇಲ್ಲ. ಹುಣಸೆ ಇಲ್ಲಿಗೆ ಬಂದದ್ದು ಹೆಚ್ಚಾಗಿ ಘಟ್ಟದ ಮೇಲಿನಿಂದ, ದುಡ್ಡು ಕೊಟ್ಟು ತರುವ ಸರಕಾಗಿ. ದುಡ್ಡಿಲ್ಲದೆ ಸಿಗುತ್ತಿದ್ದುದು ಮುರುಗಲು, ಉಪ್ಪಾಗೆ, ಜಾರಿಗೆ, ವಾಟೆ, ಅಂಬಟೆ, ಮಾವಿನಮಿಡಿ. ಈಗ ಅಂಗಡಿಯ ಹುಣಸೆ ಎಲ್ಲ ಮನೆಗಳಲ್ಲೂ ಇದೆ. ಆದರೂ ಕೆಲವು ಪದಾರ್ಥಗಳಿಗೆ ಈ ಹುಳಿಗಳೇ ಆಗಬೇಕು ಎಂಬ ಹಟ ಉಳಿದಿದೆ, ಮತ್ತು ಆ ಹಟಕ್ಕೆ ಒಳ್ಳೆಯ ಕಾರಣಗಳಿವೆ.

ಮುರುಗಲು ನಡುಗಾತ್ರದ ಮರ. ಕೊಂಬೆಗಳು ಕೆಳಕ್ಕೆ ಬಾಗಿ ಇಡೀ ಮರ ಗೋಪುರದಂತೆ ಕಾಣುತ್ತದೆ. ಎಳೆ ಚಿಗುರು ಕೆಂಪು. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದವರೆಗೂ ಬೆಳೆಯುವುದರಿಂದ ಕಾಡಿನಲ್ಲಷ್ಟೇ ಅಲ್ಲ, ಹಾಡಿಯ ಅಂಚಿನಲ್ಲಿ, ತೋಟದ ಬೇಲಿಯಲ್ಲಿ, ಮನೆಯ ಹಿತ್ತಲಿನಲ್ಲೂ ಸಿಗುತ್ತದೆ. ಚಳಿಗಾಲದಲ್ಲಿ ಹೂಬಿಟ್ಟು ಏಪ್ರಿಲ್, ಮೇ ತಿಂಗಳಿಗೆ ಹಣ್ಣಾಗುತ್ತದೆ. ಹಣ್ಣು ನಿಂಬೆಯ ಗಾತ್ರದ್ದು, ಮಾಗಿದಾಗ ಕಡುಗೆಂಪಿನಿಂದ ಕಪ್ಪು ನೇರಳೆಯವರೆಗೆ ಬಣ್ಣ. ಸಿರಸಿ ಕಡೆಯಲ್ಲಿ ಹಳದಿಗೆ ತಿರುಗುವ ಬಿಳಿ ಮುರುಗಲೂ ಇದೆ. ಅದಕ್ಕೆ ಕೆಂಪು ಬಣ್ಣವಿಲ್ಲ, ಹುಳಿ ಇದೆ.

ಉಪ್ಪಾಗೆ ಇನ್ನಷ್ಟು ದೊಡ್ಡ ಮರ, ಹೆಚ್ಚು ಕಾಡಿನದು. ಹೊಳೆಯಂಚು, ಕಣಿವೆ, ಜೌಗುನೆಲ, ತೇವ ಆರದ ಇಳಿಜಾರು ಅದಕ್ಕೆ ಇಷ್ಟ. ಮುರುಗಲು ನಿಂತುಬಿಡುವ ಎತ್ತರವನ್ನು ದಾಟಿ ಅದು ಮೇಲಕ್ಕೆ ಹೋಗುತ್ತದೆ. ಹಣ್ಣು ಪುಟ್ಟ ಸಿಹಿಗುಂಬಳದ ಹಾಗೆ, ಮೇಲಿನಿಂದ ಕೆಳಗಿನವರೆಗೆ ಆಳವಾದ ಗೀರುಗಳು, ಹಣ್ಣಾದಾಗ ಹಳದಿ. ಒಳಗಿನ ಬೀಜಗಳ ಸುತ್ತ ಹುಳಿಸಿಹಿ ತಿರುಳು. ಮಕ್ಕಳು, ಮಂಗಗಳು ಬಯಸುವುದು ಈ ತಿರುಳನ್ನು. ಅಡುಗೆಗೆ ಬೇಕಾದುದು ದಪ್ಪ ಸಿಪ್ಪೆ. ಅದು ಮಾಗುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಆಕಾಶ ಹರಿದುಕೊಂಡು ಬೀಳುವ ಹೊತ್ತಿನಲ್ಲಿ.

ಎರಡರಲ್ಲೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಹುಟ್ಟಿದ ಸಸಿ ಯಾವುದೆಂದು ಹೂಬಿಡುವವರೆಗೆ ತಿಳಿಯುವುದಿಲ್ಲ. ಈ ಹಣ್ಣುಗಳು ಇಷ್ಟು ಕಾಲ ಕಾಡಿನವೇ ಆಗಿ ಉಳಿದದ್ದಕ್ಕೆ ಇದೂ ಒಂದು ಕಾರಣ.

ಮುರುಗಲಿನ ಅಡುಗೆ ಬಿಸಿಲಿನ ಅಡುಗೆ. ಹಣ್ಣನ್ನು ಎರಡು ಹೋಳು ಮಾಡಿ ಬೀಜವನ್ನೂ ತಿರುಳನ್ನೂ ತೆಗೆದು, ಬಟ್ಟಲಿನಂತಿರುವ ಸಿಪ್ಪೆಯೊಳಗೆ ಸಕ್ಕರೆ ತುಂಬುತ್ತಾರೆ. ಅವನ್ನು ಗಾಜಿನ ಅಥವಾ ಪಿಂಗಾಣಿ ಭರಣಿಯಲ್ಲಿ ಒತ್ತಿ ಜೋಡಿಸಿ, ಬಾಯಿಗೆ ಬಟ್ಟೆ ಕಟ್ಟಿ, ಅಂಗಳದ ಬಿಸಿಲಿಗೆ ಇಡುತ್ತಾರೆ. ಒಲೆ ಹೊತ್ತಿಸುವ ಕೆಲಸವೇ ಇಲ್ಲ. ಸಕ್ಕರೆ ಸಿಪ್ಪೆಯ ನೀರನ್ನು ಎಳೆದು ದಿನದಿಂದ ದಿನಕ್ಕೆ ಕರಗುತ್ತ ಹೋಗಿ ಕಡೆಗೆ ಕೆಂಪು ಪಾಕವಾಗುತ್ತದೆ. ಸೋಸಿ, ಜೀರಿಗೆ ಪುಡಿಯನ್ನೂ ಚಿಟಿಕೆ ಉಪ್ಪನ್ನೂ ಬೆರೆಸಿಟ್ಟರೆ ಅದು ವರ್ಷದ ಶರಬತ್ತು. ಕರಾವಳಿಯ ಮದುವೆ, ಉಪನಯನಗಳಲ್ಲಿ ಬಿಸಿಲಿನಿಂದ ಬಂದವರ ಕೈಗೆ ಮೊದಲು ಸಿಗುವುದು ಇದು. ಹಣ್ಣಿಗೆ ಆ ಬಣ್ಣ ಕೊಡುವುದು ಆಂಥೋಸಯನಿನ್ ವರ್ಗದ ವರ್ಣದ್ರವ್ಯ. ಹುಳಿ ಇರುವವರೆಗೆ ಅದು ಕೆಂಪಾಗಿರುತ್ತದೆ. ಹೆಚ್ಚು ಕಾಯಿಸಿದರೆ, ಬಹುಕಾಲ ಬೆಳಕಿಗೆ ಇಟ್ಟರೆ ಮಾಸುತ್ತದೆ. ಬಿಸಿಲಿನಲ್ಲಿ ಮಾಡಿದ ಪಾಕವನ್ನು ಆಮೇಲೆ ಮನೆಯ ಕತ್ತಲು ಮೂಲೆಯಲ್ಲಿ ಇಡುವುದು ಈ ಕಾರಣಕ್ಕೆ.

ಶರಬತ್ತಿಗೆ ಬಳಸದ ಸಿಪ್ಪೆಯನ್ನು ಚಾಪೆಯ ಮೇಲೆ ಹರವಿ ಒಣಗಿಸುತ್ತಾರೆ. ಕೊಂಕಣದ ಕಡೆ ಇದರಲ್ಲಿ ಇನ್ನೂ ಒಂದು ಹೆಜ್ಜೆ ಇದೆ. ಸಿಪ್ಪೆಯನ್ನು ಅದೇ ಹಣ್ಣಿನ ರಸದಲ್ಲಿ ಅದ್ದಿ ಒಣಗಿಸಿ, ಮತ್ತೆ ಅದ್ದಿ ಮತ್ತೆ ಒಣಗಿಸುತ್ತಾರೆ. ಹುಳಿಯೂ ಬಣ್ಣವೂ ಸಿಪ್ಪೆಯೊಳಗೆ ಗಟ್ಟಿಯಾಗಿ ಕೂರುತ್ತವೆ. ಹಾಗೆ ಪದರಗೊಂಡ ಸಿಪ್ಪೆಗೆ ಕೊಂಕಣಿಯಲ್ಲಿ ಸೋಲಾಂ ಎನ್ನುತ್ತಾರೆ. ಬಿಸಿನೀರಿನಲ್ಲಿ ನೆನೆಸಿದ ಸೋಲಾಂ ರಸಕ್ಕೆ ತೆಂಗಿನ ಹಾಲು, ಬೆಳ್ಳುಳ್ಳಿ, ಹಸಿಮೆಣಸು ಸೇರಿದರೆ ನಸುಗೆಂಪು ಕಡಿ. ಮೀನೂಟ ಮುಗಿದ ಮೇಲೆ ಅದನ್ನು ಕುಡಿಯುತ್ತಾರೆ, ಅನ್ನಕ್ಕೂ ಕಲಸಿಕೊಳ್ಳುತ್ತಾರೆ.

ಕರಾವಳಿಯ ಕನ್ನಡ, ತುಳು ಮನೆಗಳಲ್ಲಿ ಒಣಸಿಪ್ಪೆಯ ಮುಖ್ಯ ಬಳಕೆ ಸಾರಿಗೆ. ಇದು ಬೇಳೆಯಿಲ್ಲದ, ಕಾಯಿಯಿಲ್ಲದ, ಪುಡಿಯೂ ಇಲ್ಲದ ತಿಳಿಸಾರು. ಏಳೆಂಟು ಸಿಪ್ಪೆಗಳನ್ನು ನೀರಿನಲ್ಲಿ ನೆನೆಸಿ, ಅದೇ ನೀರಿನಲ್ಲಿ ಕುದಿಸಿ, ಉಪ್ಪು, ಸೀಳಿದ ಹಸಿಮೆಣಸು, ಹುಳಿಯನ್ನು ಸರಿದೂಗಿಸುವಷ್ಟು ಬೆಲ್ಲ ಹಾಕುತ್ತಾರೆ. ತುಪ್ಪದಲ್ಲಿ ಸಾಸಿವೆ, ಜೀರಿಗೆ, ಒಣಮೆಣಸು, ಕರಿಬೇವು ಸಿಡಿಸಿ ಮೇಲೆ ಸುರಿದರೆ ಆಯಿತು. ಕುದಿ ಮಿತಿಮೀರಬಾರದು, ಸಿಪ್ಪೆ ಅತಿಯಾಗಿ ಬೆಂದರೆ ಒಗರು ಬಿಡುತ್ತದೆ. ಬಾಣಂತಿಗೆ, ಜ್ವರದಿಂದ ಎದ್ದವರಿಗೆ, ಹೊಟ್ಟೆ ಕೆಟ್ಟವರಿಗೆ ಕೊಡುವ ಸಾರು ಇದು. ಪಿತ್ತಕ್ಕೆ ಮುರುಗಲು ಒಳ್ಳೆಯದೆಂಬ ನಂಬಿಕೆ ಕರಾವಳಿಯುದ್ದಕ್ಕೂ ಇದೆ, ಆಯುರ್ವೇದದಲ್ಲಿ ವೃಕ್ಷಾಮ್ಲ ಎಂಬ ಹೆಸರಿನಲ್ಲಿ ಅದಕ್ಕೆ ಸ್ಥಾನವೂ ಇದೆ. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ಪೂರ್ಣವಾದ ರುಚಿ ಕೊಡುವ ಅಡುಗೆ ಕರಾವಳಿಯಲ್ಲಿ ಇನ್ನೊಂದಿಲ್ಲ ಎನ್ನಬಹುದು.

ಉಪ್ಪಾಗೆಯ ಕತೆ ಬೇರೆ. ಅದು ಕೈಗೆ ಬರುವಾಗ ಅಂಗಳದಲ್ಲಿ ಬಿಸಿಲಿಲ್ಲ, ಮರದ ಬುಡದಲ್ಲಿ ಜಿಗಣೆ. ಬಿದ್ದ ಹಣ್ಣನ್ನು ಹೆಡಿಗೆಯಲ್ಲಿ ತುಂಬಿ ತಂದು, ಗೀರಿನಗುಂಟ ಬಿಡಿಸಿ, ಬೀಜ ತೆಗೆದು, ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹರವುತ್ತಾರೆ. ದಿನವಿಡೀ ಉರಿಯುವ ಒಲೆಯ ಬಿಸಿ ಮತ್ತು ಹೊಗೆ ಸೇರಿ ಹಳದಿ ಸಿಪ್ಪೆ ಮೊದಲು ಕಂದಾಗಿ, ಆಮೇಲೆ ಇದ್ದಿಲಿನಂತೆ ಕಪ್ಪಾಗಿ, ಚಕ್ಕಳದ ಹಾಗೆ ಬಾಗುವ ಹದಕ್ಕೆ ಬರುತ್ತದೆ. ಕೇರಳದಲ್ಲಿ ಅದಕ್ಕೆ ಉಪ್ಪು, ಎಣ್ಣೆ ಸವರಿ ತಿಕ್ಕಿಡುವ ರೂಢಿಯಿದೆ. ಬೂಸು ಹಿಡಿಯುವುದಿಲ್ಲ, ಸಿಪ್ಪೆ ಮೆತ್ತಗಿರುತ್ತದೆ. ಹೊಗೆ ಇಲ್ಲಿ ಒಣಗಿಸುವ ಉಪಾಯವಾಗಿಯಷ್ಟೇ ಉಳಿಯದೆ ರುಚಿಯ ಭಾಗವೇ ಆಗಿದೆ. ಯಂತ್ರದಲ್ಲಿ ಒಣಗಿದ ಉಪ್ಪಾಗೆಗೆ ಹುಳಿ ಇರುತ್ತದೆ, ಆ ಗಾಢತೆ ಇರುವುದಿಲ್ಲ.

ಈ ಗಾಢ ಹುಳಿಗೆ ಹೇಳಿದ ಜೋಡಿ ಮೀನು. ಬಂಗುಡೆ, ಭೂತಾಯಿಯಂಥ ಎಣ್ಣೆಯಂಶದ ಮೀನುಗಳ ಜಿಡ್ಡನ್ನೂ ವಾಸನೆಯನ್ನೂ ಅದು ತಗ್ಗಿಸುತ್ತದೆ. ಎರಡು ಮೂರು ಚೂರು ಸಿಪ್ಪೆಯನ್ನು ತೊಳೆದು, ಬಿಸಿನೀರಿನಲ್ಲಿ ನೆನೆಸಿ, ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿಯ ಮಸಾಲೆಯೊಂದಿಗೆ ಕುದಿಸಿ, ಮೀನನ್ನು ಕಡೆಗೆ ಇಳಿಬಿಡುತ್ತಾರೆ. ಹುಣಸೆಯಂತೆ ಹಿಂಡಿ ಎಸೆಯುವಂತಿಲ್ಲ. ಸಿಪ್ಪೆ ಸಾರಿನಲ್ಲೇ ಉಳಿದು ನಿಧಾನಕ್ಕೆ ಹುಳಿ ಬಿಡುತ್ತಿರುತ್ತದೆ. ಹಾಗಾಗಿ ಮಣ್ಣಿನ ಪಾತ್ರೆಯೇ ಆಗಬೇಕು. ತಾಮ್ರ, ಅಲ್ಯೂಮಿನಿಯಂಗಳನ್ನು ಈ ಆಮ್ಲ ತಿನ್ನುತ್ತದೆ. ಮಾಡಿದ ದಿನಕ್ಕಿಂತ ಮರುದಿನ ಬೆಳಿಗ್ಗೆ ಗಂಜಿಯ ಜೊತೆ ಈ ಸಾರು ಹೆಚ್ಚು ರುಚಿ. ಆಮ್ಲದಿಂದಾಗಿ ಮೀನು ರಾತ್ರಿ ಕಳೆದರೂ ಹಳಸುವುದಿಲ್ಲ. ಮೀನು ತಿನ್ನದ ಮನೆಗಳಲ್ಲಿ ಇದೇ ಸಿಪ್ಪೆ ಬೆಲ್ಲದೊಂದಿಗೆ ಸಾರಾಗುತ್ತದೆ, ಹುಳಿಗೂ ಬೀಳುತ್ತದೆ.

ಮೀನು ಕೆಡದಂತೆ ಕಾಯುವ ಈ ಗುಣ ಒಂದು ಕಾಲದಲ್ಲಿ ದೊಡ್ಡ ವ್ಯಾಪಾರಕ್ಕೇ ಆಧಾರವಾಗಿತ್ತು. ದಕ್ಷಿಣ ಕನ್ನಡ ಮತ್ತು ಮಲಬಾರ್ ತೀರದಲ್ಲಿ ಕೊಲಂಬೊ ಕ್ಯೂರಿಂಗ್ ಎಂಬ ಸಂಸ್ಕರಣೆ ನಡೆಯುತ್ತಿತ್ತು. ಕರುಳು ತೆಗೆದು ತೊಳೆದ ಬಂಗುಡೆ, ಅಂಜಲ್‌ಗಳಿಗೆ ಉಪ್ಪು ಬೆರೆಸಿ, ನಡುನಡುವೆ ಉಪ್ಪಾಗೆಯ ಜಾತಿಯ ಸಿಪ್ಪೆಯನ್ನಿಟ್ಟು ಮರದ ಪೀಪಾಯಿಗಳಲ್ಲಿ ತುಂಬುತ್ತಿದ್ದರು. ಉಪ್ಪು ನೀರು ಬಿಟ್ಟು ಮೀನು ಅದರಲ್ಲೇ ಮುಳುಗಿರುತ್ತಿತ್ತು. ಆ ಪೀಪಾಯಿಗಳು ಸಿಂಹಳಕ್ಕೆ ಹೋಗುತ್ತಿದ್ದವು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದಾಗ ನಾವುಂದವೂ ಆಗ ಒಳಗೊಂಡಿದ್ದ ಕುಂದಾಪುರ ತಾಲ್ಲೂಕು ಮದ್ರಾಸಿನಲ್ಲೇ ಉಳಿದು ದಕ್ಷಿಣ ಕನ್ನಡಕ್ಕೆ ಸೇರಿತು. ಹೀಗಾಗಿ ಈ ತೀರವೂ ಆ ವ್ಯಾಪಾರದ ಸೀಮೆಯೊಳಗೇ ಇತ್ತು. ಮಂಜುಗಡ್ಡೆ, ಶೀತಲೀಕರಣ ಬಂದ ಮೇಲೆ ಈ ಪದ್ಧತಿ ಅಳಿಯಿತು. ಶ್ರೀಲಂಕಾದಲ್ಲಿ ಗೊರಕವನ್ನು ಅರೆದು ಸೂರೆ ಮೀನಿಗೆ ಹಚ್ಚಿ ನೀರು ಇಂಗುವವರೆಗೆ ಬೇಯಿಸುವ ಅಂಬುಲ್ ತಿಯಲ್ ಮಾತ್ರ ಇಂದಿಗೂ ಮನೆಮನೆಯ ಅಡುಗೆ. ಫ್ರಿಜ್ ಇಲ್ಲದೆ ದಿನಗಟ್ಟಲೆ ಉಳಿಯುತ್ತದೆ.

ಕೊಡಗಿನವರು ಇದೇ ಜಾತಿಯ ಹಣ್ಣನ್ನು ಇನ್ನೊಂದು ಬಗೆಯಲ್ಲಿ ಕಾಪಿಡುತ್ತಾರೆ. ಮಾಗಿದ ಹಣ್ಣುಗಳನ್ನು ಬುಟ್ಟಿಯಲ್ಲಿ ರಾಶಿ ಹಾಕಿ, ಕೊಳೆಯುತ್ತ ಅವು ಬಿಡುವ ರಸವನ್ನು ಕೆಳಗಿನ ಪಾತ್ರೆಯಲ್ಲಿ ಹಿಡಿದು, ಕಪ್ಪಗೆ ಮಂದವಾಗುವವರೆಗೆ ಕುದಿಸುತ್ತಾರೆ. ಅದೇ ಕಾಚಂಪುಳಿ. ಕೆಲವೇ ಹನಿಯಲ್ಲಿ ಇಡೀ ಪಾತ್ರೆ ಹುಳಿಯಾಗುತ್ತದೆ, ವರ್ಷಗಟ್ಟಲೆ ಕೆಡುವುದಿಲ್ಲ. ಕಾಚಂಪುಳಿಯಿಲ್ಲದ ಪಂದಿಕರಿಯನ್ನು ಕೊಡವರು ಪಂದಿಕರಿ ಎಂದು ಒಪ್ಪುವುದಿಲ್ಲ.

ಸಿಪ್ಪೆಯ ಮಾತು ಬಂದಲ್ಲೆಲ್ಲ ಬೀಜ ಮರೆತುಹೋಗುತ್ತದೆ. ಎರಡೂ ಹಣ್ಣಿನ ಬೀಜದಲ್ಲಿ ಒಳ್ಳೆಯ ಕೊಬ್ಬಿದೆ. ಮುರುಗಲಿನ ಬೀಜದ ತೂಕದ ಸುಮಾರು ಕಾಲುಪಾಲು ಕೊಬ್ಬೇ. ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ಸೌಟಿನಿಂದ ಬಾಚಿ ತಣಿಸಿದರೆ ಗಟ್ಟಿ ಉಂಡೆ. ಮುರುಗಲ ತುಪ್ಪ ಕರಗುವುದು 40 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ. ಹಾಗಾಗಿ ಕರಾವಳಿಯ ಸೆಕೆಗೂ ಅದು ಉಂಡೆಯಾಗಿಯೇ ಇರುತ್ತದೆ, ಮೈಗೆ ತಿಕ್ಕಿದಾಗ ಮೆಲ್ಲಗೆ ಕರಗುತ್ತದೆ. ಗದ್ದೆಗೆಲಸದಲ್ಲಿ ಒಡೆದ ಹಿಮ್ಮಡಿಗೆ ಅದನ್ನು ಹಚ್ಚುವುದು ಹಳೆಯ ರೂಢಿ. ಉಪ್ಪಾಗೆ ತುಪ್ಪವಂತೂ ಉತ್ತರ ಕನ್ನಡ, ಶಿವಮೊಗ್ಗದ ಮಲೆನಾಡಿನಲ್ಲಿ ತಿನ್ನುವ ತುಪ್ಪವೇ ಆಗಿತ್ತು. ಹಾಲಿನ ತುಪ್ಪ ದಕ್ಕದ ಮನೆಗಳಲ್ಲಿ ದೋಸೆ ಹೊಯ್ಯಲು, ಕರಿಯಲು ಅದೇ ಬಳಕೆ. ಬಿಸಿಬಿಸಿಯಾಗಿ ತಿಂದರೆ ರುಚಿ. ಆರಿದರೆ ಬಾಯಿಯ ಅಂಗುಳಕ್ಕೆ ಹತ್ತುತ್ತದೆ. ಈಗ ಪ್ಯಾಕೆಟ್ ಎಣ್ಣೆ ಬಂದು ಈ ಕೆಲಸ ಬಹುತೇಕ ನಿಂತಿದೆ. ಹಣ್ಣಿನ ಉಪಯೋಗಗಳಲ್ಲಿ ಮೊದಲು ಕಳೆದುಹೋಗುತ್ತಿರುವುದು ಇದೇ, ಮತ್ತು ಇದು ನಿಜವಾದ ನಷ್ಟ.

ಇದೇ ಕುಲದ ಜಾರಿಗೆಯೂ, ಹಲಸಿನ ಬಳಗದ ವಾಟೆಹುಳಿಯೂ ಕರಾವಳಿಯಲ್ಲಿ ಹೋಳು ಮಾಡಿ ಒಣಗಿಸಿಡುವ ಹುಳಿಗಳು. ಬಸಳೆ, ಹರಿವೆ, ಸೌತೆಯ ಪದಾರ್ಥಗಳಿಗೆ ಅವು ಹುಣಸೆಯ ಜಾಗದಲ್ಲಿ ನಿಲ್ಲುತ್ತವೆ. ಉಪ್ಪಾಗೆಯಷ್ಟು ತೀಕ್ಷ್ಣವಲ್ಲ, ಮುರುಗಲಿನಂತೆ ಬಣ್ಣ ಬಿಡುವುದೂ ಇಲ್ಲ.

ಹೊರಗಿನವರ ಬರಹದಲ್ಲಿ ಈ ಹಣ್ಣುಗಳು ಬಹಳ ಹಿಂದೆಯೇ ಕಾಣುತ್ತವೆ. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಬ್ರಿಂಡೋಯ್ಸ್ ಎಂಬ ಕೆಂಪು ತಿರುಳಿನ ಹುಳಿಹಣ್ಣನ್ನೂ ಅದರ ಸಿಪ್ಪೆಯನ್ನು ವಿನೆಗರಿಗೆ ಬಳಸುತ್ತಿದ್ದುದನ್ನೂ ಹೇಳುತ್ತಾನೆ. ಅದು ಬಿರಿಂಡವೇ. ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ ಹೋರ್ಟಸ್ ಮಲಬಾರಿಕಸ್‌ನ ಮೊದಲ ಸಂಪುಟದಲ್ಲಿ, 1678ರಲ್ಲಿ, ಕೊಡಂಪುಳಿಯ ಚಿತ್ರವಿದೆ. ಆ ಚಿತ್ರವನ್ನು ಆಧರಿಸಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಹೆಸರಿಡುವಾಗ ಹಳದಿ ಬಣ್ಣದ ಅಂಟು ಕೊಡುವ ಪೂರ್ವದೇಶದ ಬೇರೊಂದು ಮರದೊಂದಿಗೆ ಇದನ್ನು ಬೆರೆಸಿಬಿಟ್ಟ. ಗಮ್ಮಿ-ಗುಟ್ಟಾ ಎಂಬ ಹೆಸರು ಆ ಗೊಂದಲದ ಫಲ.

ಹುಳಿ ಯಾವ ಆಮ್ಲದ್ದು ಎಂಬುದು ತೀರ್ಮಾನವಾದದ್ದು ಕರ್ನಾಟಕದಲ್ಲೇ. ಬಹುಕಾಲ ಅದನ್ನು ಟಾರ್ಟಾರಿಕ್, ಸಿಟ್ರಿಕ್ ಆಮ್ಲಗಳೆಂದು ನಂಬಲಾಗಿತ್ತು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿದರು. ಮುಂದೆ ಕೆಲವೇ ವರ್ಷಗಳಲ್ಲಿ, ದೇಹದಲ್ಲಿ ಕೊಬ್ಬು ತಯಾರಾಗಲು ಬೇಕಾದ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ ಎಂಬುದು ವಿದೇಶದ ಪ್ರಯೋಗಾಲಯಗಳಲ್ಲಿ ಕಂಡುಬಂತು. ಅಲ್ಲಿಂದ ಉಪ್ಪಾಗೆಯ ಹಣೆಬರಹ ತಿರುಗಿತು. 1990ರ ದಶಕದಲ್ಲಿ ಅದರ ಸಾರ ತೂಕ ಇಳಿಸುವ ಮಾತ್ರೆಯಾಗಿ ಅಮೆರಿಕದಲ್ಲಿ ಮಾರಾಟವಾಗತೊಡಗಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಪರೀಕ್ಷೆ ಈ ಭರವಸೆಯನ್ನು ಅಳೆದು ನೋಡಿತು. 135 ಜನರಲ್ಲಿ ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಆಮ್ಲ, ಇನ್ನೊಂದಕ್ಕೆ ಬರಿಯ ಹುಸಿಮಾತ್ರೆ. 12 ವಾರ ಕಳೆದರೂ ತೂಕ ಇಳಿಯುವುದರಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಸಾಂದ್ರ ಸಾರವಿದ್ದ ಮಾತ್ರೆ ಸೇವಿಸಿದವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಸಾರಿಗೆ ಬೀಳುವ ಎರಡು ಚೂರು ಸಿಪ್ಪೆಯನ್ನೂ ಆ ಮಾತ್ರೆಯನ್ನೂ ಒಂದೇ ಎಂದು ತಿಳಿಯುವುದು ತಪ್ಪು.

ಮಾತ್ರೆಯ ಬೇಡಿಕೆಯ ಬಿಸಿ ತಾಗಿದ್ದು ಘಟ್ಟದ ಕಾಡಿಗೆ. ಮೊದಲು ಮನೆಬಳಕೆಗಷ್ಟೇ ಆಯುತ್ತಿದ್ದ ಹಣ್ಣಿಗೆ ದರ ಬಂದಾಗ ಕೂಲಿಯವರಿಗೆ, ಸಣ್ಣ ಹಿಡುವಳಿಯವರಿಗೆ ಮಳೆಗಾಲದಲ್ಲಿ ನಾಲ್ಕು ಕಾಸು ಕಂಡಿತು. ಬೇರೆ ಕೆಲಸವಿಲ್ಲದ ತಿಂಗಳುಗಳಲ್ಲಿ ಅದು ಸಣ್ಣ ವಿಷಯವಲ್ಲ. ಆದರೆ ಯಾರಿಗೆ ಮೊದಲು ಸಿಕ್ಕಿತೋ ಅವರದು ಎಂಬ ಪೈಪೋಟಿಯಲ್ಲಿ ಮಾಗದ ಕಾಯನ್ನೇ ಕೊಯ್ದರು, ಕೆಲವೆಡೆ ಕೊಂಬೆಯನ್ನೇ ಕಡಿದು ಉರುಳಿಸಿದರು. ಕಾಯಿಯಲ್ಲಿ ಬೀಜ ಬಲಿತಿರುವುದಿಲ್ಲ, ಕಡಿದ ಕೊಂಬೆ ಮರುವರ್ಷ ಹೂ ಬಿಡುವುದಿಲ್ಲ. ರಾಶಿಗಟ್ಟಲೆ ಸಿಪ್ಪೆ ಒಣಗಿಸಲು ಮನೆಯ ಅಟ್ಟ ಸಾಲದೆ ಪ್ರತ್ಯೇಕ ಒಲೆಗಳೆದ್ದವು. ಅವಕ್ಕೆ ಬೇಕಾದ ಹಸಿ ಸೌದೆಯೂ ಅದೇ ಕಾಡಿನಿಂದ ಬಂತು. ಕಡಿಮೆ ಸೌದೆ ತಿನ್ನುವ ಡ್ರೈಯರುಗಳು ಉತ್ತರ ಕನ್ನಡದಲ್ಲಿ ಬಳಕೆಗೆ ಬಂದದ್ದು ಈ ಹೊರೆಯನ್ನು ತಗ್ಗಿಸುವುದಕ್ಕೆ.

ಉಪ್ಪಾಗೆ ಮನುಷ್ಯರ ಹುಳಿ ಮಾತ್ರವಲ್ಲ. ಸಿರಸಿ, ಹೊನ್ನಾವರ ಕಡೆಯ ಕಾಡುಗಳಲ್ಲಿ ಸಿಂಗಳೀಕಗಳ ಮಳೆಗಾಲದ ಆಹಾರಗಳಲ್ಲಿ ಅದೂ ಒಂದು. 2011ರಲ್ಲಿ ಅಘನಾಶಿನಿ ಕಣಿವೆಯನ್ನು ಸಿಂಗಳೀಕ ಸಂರಕ್ಷಣಾ ಮೀಸಲೆಂದು ಘೋಷಿಸಿದಾಗ ಕಾಡುತ್ಪನ್ನ ಸಂಗ್ರಹಿಸುವ ಹಳ್ಳಿಗರ ಪಾಲೆಷ್ಟು, ಮಂಗಗಳ ಪಾಲೆಷ್ಟು ಎಂಬ ಪ್ರಶ್ನೆಯೂ ಜೊತೆಗೇ ಇತ್ತು. ಕೊಲ್ಲೂರಿನ ಸುತ್ತ 1974ರಿಂದ ಮೂಕಾಂಬಿಕಾ ವನ್ಯಜೀವಿಧಾಮವಿದೆ. ವನ್ಯಧಾಮದೊಳಗೆ ಮಾರಾಟಕ್ಕಾಗಿ ಹಣ್ಣು ಕೊಯ್ಯುವುದಕ್ಕೆ ನಿರ್ಬಂಧ, 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಿರು ಅರಣ್ಯ ಉತ್ಪನ್ನದ ಮೇಲೆ ಕಾಡಿನವರಿಗೆ ಮಾನ್ಯತೆ. ಎರಡು ಕಾನೂನುಗಳ ನಡುವೆ ಹೊಂದಾಣಿಕೆ ಆಗಬೇಕಾದದ್ದು ಇಂಥ ಊರುಗಳಲ್ಲೇ. ಸರಳವಾದ ಮೂರು ಕಟ್ಟಲೆಗಳನ್ನು ಪಾಲಿಸಿದರೂ ಬಹಳಷ್ಟು ಉಳಿಯುತ್ತದೆ: ಹಣ್ಣು ಮಾಗಿ ಬೀಳುವವರೆಗೆ ಕಾಯುವುದು, ಮರದಲ್ಲಿ ಒಂದು ಪಾಲು ಬಿಡುವುದು, ಬಿಡಿಸಿದ ಬೀಜವನ್ನು ತಂದ ಕಾಡಿಗೇ ಚೆಲ್ಲುವುದು.

ಇನ್ನೊಂದು ದಾರಿ ಹಿತ್ತಲಿನದು. ಉಪ್ಪಾಗೆ ಬೀಜ ಮೊಳೆಯಲು ತಿಂಗಳುಗಳೇ ಬೇಕು, ಬೀಜದ ಗಿಡ ಫಲಕ್ಕೆ ಬರಲು ಹತ್ತು ಹನ್ನೆರಡು ವರ್ಷ, ಅಷ್ಟು ಕಾದರೂ ಗಂಡಾಗಿಬಿಡುವ ಸಂಭವ. ಹೆಣ್ಣು ಮರದ ಕುಡಿಯಿಂದ ಕಟ್ಟಿದ ಕಸಿ ಗಿಡ ಮೂರು ನಾಲ್ಕು ವರ್ಷಕ್ಕೇ ಕಾಯಿ ಹಿಡಿಯುತ್ತದೆ. ಮುರುಗಲಿಗೆ ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠ ಕೊಂಕಣ್ ಅಮೃತಾ, ಕೊಂಕಣ್ ಹಾತಿಸ್ ಎಂಬ ತಳಿಗಳನ್ನೇ ಬಿಡುಗಡೆ ಮಾಡಿದೆ. ಸಿಂಧುದುರ್ಗ, ರತ್ನಾಗಿರಿಯ ಕೋಕಂಗೆ ಭೌಗೋಳಿಕ ಸೂಚಿಕೆಯೂ ದೊರೆತಿದೆ. ಅಡಿಕೆ, ತೆಂಗಿನ ತೋಟದ ನೆರಳಿನಲ್ಲಿ ಎರಡೂ ಮರಗಳು ಬರುತ್ತವೆ. ಕಸಿಗಿಡಗಳ ನಡುವೆ ಒಂದೆರಡು ಗಂಡು ಗಿಡ ಇರಬೇಕು. ಹೆಣ್ಣನ್ನೇ ನೆಟ್ಟರೆ ಹೂ ತುಂಬಾ ಬಂದರೂ ಕಾಯಿ ಕಟ್ಟುವುದು ಕಡಿಮೆ. ನೆಟ್ಟ ಮೊದಲೆರಡು ಬೇಸಿಗೆ ನೀರು ಕೊಟ್ಟರೆ ಸಾಕು, ಆಮೇಲೆ ಕರಾವಳಿಯ ಮಳೆಯೇ ಸಾಕುತ್ತದೆ.